ತಲೆಕೆಳಗಾದ ಮನುಷ್ಯ: ಟ್ಯಾರೋ ಚಿತ್ರಗಳೂ ಪ್ರತೀಕದ ಪ್ರಶ್ನೆಯೂ

ಟ್ಯಾರೋ ಎಂಬ ಹೆಸರು ನಮ್ಮ ಓದುಗರ ಕಿವಿಗೆ ಸಾಮಾನ್ಯವಾಗಿ ಎರಡು ದಾರಿಗಳಿಂದ ಬಿದ್ದಿರುತ್ತದೆ. ಟಿ. ಎಸ್. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' ಕಾವ್ಯವನ್ನು ತರಗತಿಯಲ್ಲಿ ಓದಿದವರು ಮೇಡಂ ಸೊಸೊಸ್ಟ್ರಿಸ್ ಎಂಬ ಕಣಿ ಹೇಳುವವಳ ಕೈಯಲ್ಲಿ ಆ ಎಲೆಗಳನ್ನು ಕಂಡಿರುತ್ತಾರೆ. ಉಳಿದವರು ಪುಸ್ತಕದಂಗಡಿಯಲ್ಲಿ ಚೆಂದದ ಪೆಟ್ಟಿಗೆಯೊಳಗಿನ ಕಟ್ಟನ್ನೋ, ಫೋನಿನಲ್ಲಿ ಭವಿಷ್ಯ ಹೇಳುವವರ ಜಾಹೀರಾತನ್ನೋ ನೋಡಿರುತ್ತಾರೆ. ಮೊದಲನೆಯವರಿಗೆ ಅದೊಂದು ಅಡಿಟಿಪ್ಪಣಿ; ಎರಡನೆಯವರಿಗೆ ಒಂದು ಕಣಿ. ಇವೆರಡಕ್ಕೂ ಸೇರದ ಮೂರನೆಯ ಬಳಕೆಯೊಂದು ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಕೆಲವರು ಈ ಎಲೆಗಳನ್ನು ಮುಂದಿಟ್ಟುಕೊಂಡು, ವಿಧಿಪೂರ್ವಕವಾದ ಮಾಂತ್ರಿಕ ಸಾಧನೆಯಿಂದ ಮನುಷ್ಯನ ಪ್ರಜ್ಞೆಯನ್ನು ಮೇಲಕ್ಕೇರಿಸಬಹುದೆಂದು ನಂಬಿದ್ದರು. ನಂಬಿ ವರ್ಷಗಟ್ಟಲೆ ದುಡಿದರು.

ಇದು ಸಾಹಿತ್ಯದ ಪುಟಕ್ಕೆ ಬರತಕ್ಕ ವಿಷಯವೇ ಎಂದು ವಾಚಕರು ಕೇಳಬಹುದು. ಯೇಟ್ಸ್ ಕವಿ ಆ ಗುಂಪಿನಲ್ಲಿದ್ದನೆಂಬುದು ಒಂದು ಸಮಾಧಾನ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಪ್ರತೀಕವೆಂದರೇನು, ಅದರ ಅರ್ಥ ಎಲ್ಲಿರುತ್ತದೆ, ಒಂದು ಚಿತ್ರವನ್ನು ಕೋಷ್ಟಕದಲ್ಲಿ ಬರೆದಿಟ್ಟರೆ ಅದು ಉಳಿಯುತ್ತದೆಯೇ ಸಾಯುತ್ತದೆಯೇ ಎಂಬ ಪ್ರಶ್ನೆಗಳು ಕಾವ್ಯವಿಮರ್ಶೆಯ ನಿತ್ಯದ ಪ್ರಶ್ನೆಗಳು. ಈ ಪ್ರಶ್ನೆಗಳಿಗೆ ಟ್ಯಾರೋದ ಇತಿಹಾಸ ಕೊಡುವಷ್ಟು ಸ್ಪಷ್ಟವಾದ ಪರೀಕ್ಷೆ ಬೇರೆಲ್ಲಿಯೂ ಸುಲಭವಾಗಿ ದೊರೆಯದು.

ಮೊದಲು ಇತಿಹಾಸ. ಟ್ಯಾರೋ ಹುಟ್ಟಿದ್ದು ದೇವಾಲಯದಲ್ಲಲ್ಲ, ಇಸ್ಪೀಟಿನ ಮೇಜಿನ ಮೇಲೆ. ಉತ್ತರ ಇಟಲಿಯ ಆಸ್ಥಾನಗಳಲ್ಲಿ 1440ರ ಹೊತ್ತಿಗೆ ಅದರ ಉಲ್ಲೇಖಗಳು ಕಾಣಿಸುತ್ತವೆ. ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಬಣ್ಣಗಳ 56 ಎಲೆಗಳು. ಅವುಗಳ ಮೇಲೆ ಚಿತ್ರವುಳ್ಳ ಬೇರೆ 22 ಎಲೆಗಳು. ಈ 22 ಎಲೆಗಳು ನಮ್ಮ ಆಟಗಾರರು ತುರುಪು ಎನ್ನುತ್ತಾರಲ್ಲ, ಅದೇ. ಬೇರೆ ಬಣ್ಣದ ಎಲೆಯನ್ನು ಹೊಡೆದು ಕೈ ಗೆಲ್ಲುವುದಕ್ಕಾಗಿ ಅವನ್ನು ಸೇರಿಸಿದರು. ಫ್ರಾನ್ಸ್ ಆಸ್ಟ್ರಿಯಗಳಲ್ಲಿ ಇಂದಿಗೂ ಜನ ಈ ಆಟವಾಡುತ್ತಾರೆ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೇಲ್ ಡಮ್ಮೆಟ್ 1980ರಲ್ಲಿ ಪ್ರಕಟಿಸಿದ 'ದಿ ಗೇಮ್ ಆಫ್ ಟ್ಯಾರೋ' ಎಂಬ ದೊಡ್ಡ ಗ್ರಂಥ ಈ ಮಾತನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿತು.

ಹಾಗಾದರೆ ಈಜಿಪ್ಟಿನ ಕಥೆ ಎಲ್ಲಿಂದ ಬಂತು? 1781ರಲ್ಲಿ ಫ್ರಾನ್ಸಿನ ಆಂತ್ವಾನ್ ಕೂರ್ ದ ಜೆಬ್ಲೆನ್ ಎಂಬ ವಿದ್ವಾಂಸ, ಈ ಎಲೆಗಳು ಪ್ರಾಚೀನ ಈಜಿಪ್ಟಿನ ಥೋತ್ ದೇವತೆಯ ಜ್ಞಾನಗ್ರಂಥದ ಪುಟಗಳೆಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯನ್ ಓದಿ ಬಿಡಿಸಿದ್ದು 1822ರಲ್ಲಿ. ಓದಲಾರದ ಲಿಪಿಯಲ್ಲಿ ಏನಿದೆಯೆಂದು ಹೇಳುವ ಸ್ವಾತಂತ್ರ್ಯ ಎಲ್ಲರಿಗೂ ಇರುತ್ತದೆ. ಜೆಬ್ಲೆನ್ ಅದನ್ನು ಧಾರಾಳವಾಗಿ ಬಳಸಿಕೊಂಡ. ಪೌರೋಹಿತ್ಯಕ್ಕೆ ಓದಿ ಅದನ್ನು ಬಿಟ್ಟುಬಂದ ಎಲಿಫಾಸ್ ಲೆವಿ 1850ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟ. ಹೀಬ್ರೂ ಭಾಷೆಯಲ್ಲಿ ಅಕ್ಷರಗಳು 22, ತುರುಪುಗಳೂ 22; ಆದುದರಿಂದ ಒಂದೊಂದು ಎಲೆಯೂ ಒಂದೊಂದು ಅಕ್ಷರ, ಇಡೀ ಕಟ್ಟು ಯೆಹೂದಿ ರಹಸ್ಯವಿದ್ಯೆಯಾದ ಕಬ್ಬಾಲಾದ ಕೀಲಿಕೈ ಎಂದು ಅವನು ಸಾರಿದ. ಈ ಹೋಲಿಕೆಯ ಸೂಚನೆ ಜೆಬ್ಲೆನ್‌ನ ಸಂಪುಟದಲ್ಲಿಯೇ ಇತ್ತು. ಅದನ್ನು ಒಂದು ಶಾಸ್ತ್ರವಾಗಿ ಕಟ್ಟಿದವನು ಲೆವಿ.

ಆ ಶಾಸ್ತ್ರವನ್ನು ಸಾಧನೆಯನ್ನಾಗಿ ಮಾಡಿದ್ದು ಲಂಡನ್ನಿನಲ್ಲಿ 1888ರಲ್ಲಿ ಸ್ಥಾಪನೆಯಾದ 'ಗೋಲ್ಡನ್ ಡಾನ್' ಎಂಬ ಗುಪ್ತಸಂಘ. ವೆಸ್ಟ್‌ಕಾಟ್, ಮ್ಯಾದರ್ಸ್, ವುಡ್‌ಮನ್ ಎಂಬ ಮೂವರು ಅದರ ಸ್ಥಾಪಕರು. ಅವರ ಕಲ್ಪನೆಯ ಚೌಕಟ್ಟು ಸಂಕ್ಷೇಪವಾಗಿ ಹೀಗಿದೆ. ಕಬ್ಬಾಲಾದಲ್ಲಿ ಜೀವವೃಕ್ಷವೆಂಬ ಒಂದು ಆಕೃತಿಯುಂಟು. ಪರತತ್ತ್ವವು ಮೇಲಿನಿಂದ ಕೆಳಕ್ಕೆ ಹತ್ತು ನೆಲೆಗಳಲ್ಲಿ ಇಳಿದು ಜಗತ್ತಾಗುತ್ತದೆ. ಈ ನೆಲೆಗಳಿಗೆ ಸೆಫಿರೋತ್ ಎಂದು ಹೆಸರು. ನೆಲೆಗಳನ್ನು ಕೂಡಿಸುವ ಹಾದಿಗಳು 22. ಆ ಹಾದಿಗಳಿಗೆ 22 ತುರುಪುಗಳು. ಸಾಧಕ ಕೆಳಗಿನ ನೆಲೆಯಿಂದ ಹೊರಟು ಮೇಲೇರಬೇಕು. ಆದುದರಿಂದ ಅವನಿಗೆ ಮೊದಲು ಸಿಗುವುದು ಕಟ್ಟಿನ ಕೊನೆಯ ಎಲೆಯಾದ 'ಜಗತ್ತು'. ತುತ್ತತುದಿಯಲ್ಲಿ ಸಿಗುವುದು ಸೊನ್ನೆಯ ಅಂಕಿಯ 'ಮರುಳ'. ಎಲೆಯ ಚಿತ್ರವನ್ನು ದಿಟ್ಟಿಸಿ, ಕಣ್ಣು ಮುಚ್ಚಿ, ಆ ಚಿತ್ರವನ್ನು ಬಾಗಿಲೆಂದು ಭಾವಿಸಿ ಒಳಹೊಕ್ಕು, ಅಲ್ಲಿ ಕಂಡದ್ದನ್ನು ಬರೆದಿಡುವುದು ಅಭ್ಯಾಸ. ಮೇಲಿನ ದರ್ಜೆಗೆ ಬಂದವರು ಎಲೆಗಳನ್ನು ತಮ್ಮ ಕೈಯಿಂದಲೇ ನಕಲು ಮಾಡಿ ಬಣ್ಣ ತುಂಬಬೇಕಿತ್ತು.

ಈ ಅಭ್ಯಾಸದ ಒಂದಂಶ ನಮ್ಮ ದೇಶದಿಂದ ಹೋದದ್ದು. ರಾಮಪ್ರಸಾದ್ ಎಂಬವರು ಶಿವಸ್ವರೋದಯವನ್ನು ಆಧರಿಸಿ ಇಂಗ್ಲಿಷಿನಲ್ಲಿ ಬರೆದ, 1890ರ ಸುಮಾರಿನಲ್ಲಿ ಪ್ರಕಟವಾದ 'ನೇಚರ್ಸ್ ಫೈನರ್ ಫೋರ್ಸಸ್' ಎಂಬ ಪುಸ್ತಕದಿಂದ ಸಂಘದವರು ಪಂಚತತ್ತ್ವಗಳ ಆಕಾರಗಳನ್ನು ತೆಗೆದುಕೊಂಡರು. ಪೃಥ್ವಿಗೆ ಹಳದಿಯ ಚೌಕ, ಅಪ್ಪಿಗೆ ಬೆಳ್ಳಿಯ ಅರ್ಧಚಂದ್ರ, ತೇಜಸ್ಸಿಗೆ ಕೆಂಪು ತ್ರಿಕೋನ, ವಾಯುವಿಗೆ ನೀಲಿಯ ವೃತ್ತ, ಆಕಾಶಕ್ಕೆ ಕಪ್ಪನೆಯ ಅಂಡ. ಇವನ್ನು ರಟ್ಟಿನ ಮೇಲೆ ಬರೆದುಕೊಂಡು ದೃಷ್ಟಿ ನೆಡುವುದು ಅವರ ಮೊದಲ ಪಾಠಗಳಲ್ಲಿ ಒಂದಾಗಿತ್ತು. ಯಂತ್ರದ ಮೇಲೆ ದೃಷ್ಟಿ ನಿಲ್ಲಿಸುವ ಪದ್ಧತಿಯನ್ನು ಬಲ್ಲ ನಮಗೆ ಇದು ತೀರ ಅಪರಿಚಿತವೆನಿಸದು. ಪರಿಚಿತವೆಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಬಿಡಬೇಕಾಗಿಯೂ ಇಲ್ಲ.

ಈಗ ಪ್ರಶ್ನೆಗೆ ಬರೋಣ. ಟ್ಯಾರೋವನ್ನು ನಂಬುವವರು ಅದು ಪ್ರಾಚೀನ ಜ್ಞಾನ, ಆದುದರಿಂದ ಅರ್ಥಪೂರ್ಣ ಎನ್ನುತ್ತಾರೆ. ನಂಬದವರು ಅದು ಜೂಜಿನ ಎಲೆ, ಆದುದರಿಂದ ಅರ್ಥಶೂನ್ಯ ಎನ್ನುತ್ತಾರೆ. ಎದುರೆದುರು ನಿಂತಂತೆ ಕಾಣುವ ಈ ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಪ್ರತೀಕದ ಅರ್ಥ ಅದರ ಹುಟ್ಟಿನಲ್ಲಿ ಅಡಗಿದೆ ಎಂಬುದು ಇಬ್ಬರಿಗೂ ಸಮಾನವಾದ ನಂಬಿಕೆ. ಆ ನಂಬಿಕೆ ನಿಲ್ಲುವುದಿಲ್ಲವೆಂಬುದಕ್ಕೆ ಒಂದೇ ಎಲೆಯ ಚರಿತ್ರೆ ಸಾಕು.

ಹನ್ನೆರಡನೆಯ ತುರುಪನ್ನು ತೆಗೆದುಕೊಳ್ಳಿ. ಒಬ್ಬ ಮನುಷ್ಯ ಒಂದು ಕಾಲಿನಿಂದ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಹದಿನೈದನೆಯ ಶತಮಾನದ ಇಟಲಿಯವರಿಗೆ ಇದರಲ್ಲಿ ಗುಟ್ಟೇನೂ ಇರಲಿಲ್ಲ. ಊರಿಗೆ ದ್ರೋಹ ಬಗೆದವನ ಚಿತ್ರವನ್ನು ಹೀಗೆ ಕಾಲಿನಿಂದ ನೇತುಹಾಕಿದಂತೆ ಸಾರ್ವಜನಿಕ ಗೋಡೆಯ ಮೇಲೆ ಬರೆಸಿ ಅವಮಾನ ಮಾಡುವ ಪದ್ಧತಿ ಅಲ್ಲಿನ ನಗರಗಳಲ್ಲಿತ್ತು. ಆ ಎಲೆಗೆ ಹಳೆಯ ಇಟಾಲಿಯನ್ ಹೆಸರೇ 'ದ್ರೋಹಿ'. ಮುನ್ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಜೆಬ್ಲೆನ್‌ನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಅವನು ಇದು 'ವಿವೇಕ'ದ ಚಿತ್ರವೆಂದೂ, ಒಂದು ಕಾಲನ್ನೆತ್ತಿ ಎಚ್ಚರದಿಂದ ನಿಂತವನನ್ನು ಎಲೆ ಮಾಡುವವನು ತಿಳಿಯದೆ ತಲೆಕೆಳಗು ಅಚ್ಚುಹಾಕಿದ್ದಾನೆಂದೂ ವಾದಿಸಿದ. ಲೆವಿಯ ಕೋಷ್ಟಕದಲ್ಲಿ ಇವನು 'ಲಾಮೆದ್' ಎಂಬ ಅಕ್ಷರ. ಗೋಲ್ಡನ್ ಡಾನ್ ಸಂಘದ ಕೋಷ್ಟಕದಲ್ಲಿ 'ಮೇಮ್', ಎಂದರೆ ಜಲತತ್ತ್ವ. 1909ರಲ್ಲಿ ಆರ್ಥರ್ ಎಡ್ವರ್ಡ್ ವೇಯ್ಟ್ ಹೊರತರಿಸಿದ ಕಟ್ಟಿನಲ್ಲಿ ಇವನ ಗಲ್ಲುಮರ ಚಿಗುರಿದೆ, ಮುಖ ಶಾಂತವಾಗಿದೆ, ತಲೆಯ ಸುತ್ತ ಪ್ರಭಾವಳಿ ಬಂದಿದೆ. ದ್ರೋಹಿ ಸಂತನಾಗಿದ್ದಾನೆ.

ಅಕ್ಷರಗಳ ವಿಷಯದಲ್ಲಿ ಒಂದು ವಿವರವನ್ನು ಗಮನಿಸಬೇಕು. ಲೆವಿ 'ಗಾರುಡಿಗ'ನಿಗೆ ಮೊದಲನೆಯ ಅಕ್ಷರವಾದ ಆಲೆಫ್ ಕೊಟ್ಟು, 'ಮರುಳ'ನನ್ನು ಕೊನೆಯ ಅಕ್ಷರಕ್ಕಿಂತ ಒಂದು ಸ್ಥಾನ ಮುಂಚೆ ಇಟ್ಟ. ಲಂಡನ್ನಿನವರು ಮರುಳನನ್ನು ಮೊದಲಿಗೆ ತಂದರು. ಆಗ ಸಾಲಿನ ಹೆಚ್ಚುಕಡಮೆ ಎಲ್ಲ ಎಲೆಗಳ ಅಕ್ಷರವೂ ಒಂದೊಂದು ಸ್ಥಾನ ಜರುಗಿತು. 'ಬಲ', 'ನ್ಯಾಯ' ಎಂಬ ಎರಡು ಎಲೆಗಳ ಸ್ಥಾನವನ್ನೂ ಅವರು ಅದಲುಬದಲು ಮಾಡಿದರು. ಅದೇ ಸಂಘದಿಂದ ಹೊರಬಂದ ಅಲೀಸ್ಟರ್ ಕ್ರೌಲಿ 'ಚಕ್ರವರ್ತಿ', 'ನಕ್ಷತ್ರ'ಗಳ ಅಕ್ಷರಗಳನ್ನು ಮತ್ತೆ ಬದಲಿಸಿದ. ಮೂರು ಕೋಷ್ಟಕಗಳು ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಮೂರರ ಅನುಯಾಯಿಗಳೂ ತಮಗೆ ದರ್ಶನವಾಯಿತೆಂದು ಬರೆದಿಟ್ಟಿದ್ದಾರೆ. ಅವರೆಲ್ಲರೂ ಸುಳ್ಳು ಹೇಳಿದರೆನ್ನಲು ನಮಗೆ ಆಧಾರವಿಲ್ಲ. ಅಷ್ಟು ಮಾತ್ರ ಹೇಳಬಹುದು: ಅವರಿಗೆ ಆದದ್ದು ಕೋಷ್ಟಕ ಸರಿಯಾಗಿದ್ದುದರಿಂದ ಆದದ್ದಲ್ಲ. ಏಕಾಗ್ರತೆಯಿಂದ ಒಂದು ಚಿತ್ರದ ಮುಂದೆ ದೀರ್ಘಕಾಲ ನಿಂತುದರಿಂದ ಆದದ್ದು.

ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಕೋಷ್ಟಕ ಕೊಡುವುದು ವಾಚ್ಯಾರ್ಥವನ್ನು. 'ತೂಗುಬಿದ್ದವ ಎಂದರೆ ಜಲತತ್ತ್ವ' ಎಂಬುದು ನಿಘಂಟಿನ ಮಾತು. ನಿಘಂಟು ಗುಪ್ತವಾಗಿದ್ದ ಮಾತ್ರಕ್ಕೆ ಅದರೊಳಗಿನ ಅರ್ಥ ಧ್ವನಿಯಾಗಿಬಿಡುವುದಿಲ್ಲ. ಗೂಢಲಿಪಿಯಲ್ಲಿ ಬರೆದ ಕಾಗದವನ್ನು ಓದಿ ಮುಗಿಸಿದ ಮೇಲೆ ಲಿಪಿಯ ಕೆಲಸ ಮುಗಿಯಿತು. ಪ್ರತೀಕ ಹಾಗಲ್ಲ. ಅರ್ಥ ಹೊಳೆದ ಮೇಲೂ ಚಿತ್ರ ಬೇಕಾಗುತ್ತದೆ. ಮತ್ತೆ ನೋಡಿದಾಗ ಮತ್ತೊಂದು ಹೊಳೆಯುತ್ತದೆ. ಮೊದಲನೆಯದನ್ನು ಸಂಕೇತವೆಂದೂ ಎರಡನೆಯದನ್ನು ಪ್ರತೀಕವೆಂದೂ ಕರೆದು ಈ ಲೇಖನದ ಮಟ್ಟಿಗೆ ಅವನ್ನು ಬೇರೆಯಾಗಿಟ್ಟುಕೊಳ್ಳಬಹುದು.

ಈ ಭೇದ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಯೇಟ್ಸ್‌ನ ಆತ್ಮಕಥೆಯಲ್ಲಿಯೇ ಒಂದು ಪ್ರಸಂಗವಿದೆ. ಅವನು ಸಂಘಕ್ಕೆ ಸೇರಿದ್ದು 1890ರಲ್ಲಿ. ಮ್ಯಾದರ್ಸ್ ಅವನ ಕೈಗೆ ರಟ್ಟಿನ ಮೇಲಿನ ಒಂದು ಚಿಹ್ನೆಯನ್ನು ಕೊಟ್ಟ. ಯೇಟ್ಸ್ ಕಣ್ಣು ಮುಚ್ಚಿದ. ತಡೆಯಲಾಗದಂತೆ ಒಂದು ದೃಶ್ಯ ಎದ್ದಿತು: ಮರುಭೂಮಿ, ಹಾಳುಬಿದ್ದ ಪುರಾತನ ಅವಶೇಷಗಳು, ಅವುಗಳ ನಡುವಿನಿಂದ ಎರಡು ಕೈಯೂರಿ ಮೇಲೇಳುತ್ತಿರುವ ಕಪ್ಪನೆಯ ದೈತ್ಯ. ಮ್ಯಾದರ್ಸ್ ಅದಕ್ಕೆ ಕೊಟ್ಟ ವಿವರಣೆ ಚಿಕ್ಕದು. ತಾನು ತೋರಿಸಿದ್ದು ಅಗ್ನಿಜೀವಿಗಳ ಚಿಹ್ನೆ, ಆದುದರಿಂದ ಕಂಡದ್ದು ಆ ವರ್ಗದ ಜೀವಿ ಎಂದು ಹೇಳಿ ಮುಗಿಸಿದ. ಕೋಷ್ಟಕದ ಮಟ್ಟಿಗೆ ಉತ್ತರ ಸರಿ. ಮನೆ ತುಂಬಿತು, ಲೆಕ್ಕ ತೀರಿತು.

ಯೇಟ್ಸ್‌ನ ಒಳಗೆ ಲೆಕ್ಕ ತೀರಲಿಲ್ಲ. ಸುಮಾರು ಮೂವತ್ತು ವರ್ಷಗಳ ಮೇಲೆ, ಮೊದಲ ಮಹಾಯುದ್ಧ ಮುಗಿದು ಐರ್ಲೆಂಡ್ ಹೊತ್ತಿಕೊಳ್ಳುತ್ತಿದ್ದ 1919ರಲ್ಲಿ, ಅವನು 'ದಿ ಸೆಕೆಂಡ್ ಕಮಿಂಗ್' ಬರೆದ. ಅಲ್ಲಿಯೂ ಮರುಭೂಮಿ; ಅಲ್ಲಿಯೂ ನಿಧಾನವಾಗಿ ಕದಲುವ ಭೀಕರವಾದ ಒಂದು ದೇಹ; ಈ ಸಲ ಅದಕ್ಕೆ ಸಿಂಹದ ಒಡಲು, ಮನುಷ್ಯನ ತಲೆ. ಹಳೆಯ ದರ್ಶನಕ್ಕೂ ಈ ಕವಿತೆಗೂ ನಂಟಿದೆಯೆಂದು ವಿಮರ್ಶಕರು ಹೇಳುತ್ತ ಬಂದಿದ್ದಾರೆ. ಎರಡನ್ನೂ ಓದಿದವರಿಗೆ ಅದು ಒಪ್ಪಿಗೆಯಾಗುತ್ತದೆ. ಒಂದು ಯುಗ ಕುಸಿದು ಇನ್ನೊಂದು ಹುಟ್ಟುವ ಭಯವನ್ನು ಆ ಪ್ರತಿಮೆ ಹೊತ್ತುಕೊಂಡಿತು. ಮ್ಯಾದರ್ಸ್‌ನ ವಿವರಣೆಯಿಂದ ಯೇಟ್ಸ್ ತೃಪ್ತನಾಗಿದ್ದರೆ ಈ ಕವಿತೆ ಹುಟ್ಟುತ್ತಿರಲಿಲ್ಲ. ಅಷ್ಟೇ ನಿಜವಾದ ಇನ್ನೊಂದು ಮಾತನ್ನೂ ಹೇಳಬೇಕು. ಮ್ಯಾದರ್ಸ್ ಆ ರಟ್ಟನ್ನು ಕೈಗೆ ಕೊಡದೆ ಇದ್ದಿದ್ದರೂ ಬಹುಶಃ ಹುಟ್ಟುತ್ತಿರಲಿಲ್ಲ.

ಇದನ್ನು ಮರೆತರೆ ಆ ಸಾಧಕರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕೋಷ್ಟಕಗಳೆಲ್ಲ ವ್ಯಾಕರಣವಿದ್ದಂತೆ, ವ್ಯಾಕರಣ ರೂಢಿಯಾದ ಮೇಲೆ ಮಾತು ತಾನಾಗಿ ಬರುತ್ತದೆ ಎಂದು ಅವರು ಸಮಾಧಾನ ಹೇಳಬಹುದು. ಸಂಘದ ಪಾಠಗಳಲ್ಲಿ ನಿಜವಾದ ಶಿಸ್ತಿತ್ತು. ಚಂಚಲವಾದ ಮನಸ್ಸನ್ನು ಒಂದು ಆಕಾರದ ಮೇಲೆ ನಿಲ್ಲಿಸುವುದು, ಬಂದ ಚಿತ್ರವನ್ನು ತನ್ನ ಇಷ್ಟಕ್ಕೆ ತಿದ್ದದೆ ನೋಡುವುದು, ಕಂಡದ್ದನ್ನು ಪ್ರಾಮಾಣಿಕವಾಗಿ ಬರೆಯುವುದು, ಇವು ಕವಿಗೂ ಬೇಕಾದ ಶಿಸ್ತುಗಳೇ. ಯೇಟ್ಸ್ 1901ರಲ್ಲಿ ಬರೆದ 'ಮ್ಯಾಜಿಕ್' ಎಂಬ ಪ್ರಬಂಧದಲ್ಲಿ ವ್ಯಕ್ತಿಗಳ ಮನಸ್ಸುಗಳಿಗೆ ಗಟ್ಟಿಯಾದ ಗಡಿಗಳಿಲ್ಲವೆಂದೂ, ಎಲ್ಲರ ನೆನಪುಗಳೂ ಒಂದು ಮಹಾಸ್ಮೃತಿಯ ಭಾಗವೆಂದೂ, ಪ್ರತೀಕಗಳಿಂದ ಅದನ್ನು ಎಚ್ಚರಿಸಬಹುದೆಂದೂ ಪ್ರತಿಪಾದಿಸಿದ. ಅವನ ಮಟ್ಟಿಗೆ ಉನ್ನತ ಪ್ರಜ್ಞೆಯೆಂದರೆ ಅದು. ಒಪ್ಪುವುದೂ ಬಿಡುವುದೂ ಓದುಗರ ಇಷ್ಟ. ಆದರೆ ಅದು ಕಣಿ ಹೇಳುವವರ ಮಾತಲ್ಲ.

ಕೋಷ್ಟಕಕ್ಕೂ ಚಿತ್ರಕ್ಕೂ ಇರುವ ದೂರವನ್ನು ಅಳೆಯಲು 1909 ಎಂಬ ಒಂದೇ ವರ್ಷ ನೆರವಾಗುತ್ತದೆ. ಆ ವರ್ಷ ಗೋಲ್ಡನ್ ಡಾನ್ ಪರಂಪರೆಯಿಂದಲೇ ಬಂದ ಎರಡು ಕೃತಿಗಳು ಲಂಡನ್ನಿನಲ್ಲಿ ಹೊರಬಿದ್ದವು. ಒಂದು ಕ್ರೌಲಿಯ '777'. ಅದು ಅಡ್ಡಸಾಲು ನೇರಸಾಲುಗಳ ಪುಸ್ತಕ. ಒಂದೊಂದು ನೆಲೆಗೂ ಹಾದಿಗೂ ಯಾವ ದೇವತೆ, ಯಾವ ಗಿಡ, ಯಾವ ರತ್ನ, ಯಾವ ಧೂಪ, ಯಾವ ಟ್ಯಾರೋ ಎಲೆ ಎಂದು ಪಟ್ಟಿ ಮಾಡಿದೆ. ನಮ್ಮ ದೇವತೆಗಳಿಗೂ ಅಲ್ಲಿ ಒಂದು ಸಾಲು ಮೀಸಲಾಗಿದೆ. ಶ್ರಮ ಅಪಾರ. ಆದರೆ ಎಲ್ಲವೂ ಎಲ್ಲದಕ್ಕೂ ಸಮವೆಂದಾದಾಗ ಯಾವುದಕ್ಕೂ ತನ್ನದೇ ಮುಖವಿರುವುದಿಲ್ಲ. ದೇವತೆಯೂ ಧೂಪವೂ ಒಂದೇ ಅಂಕಿಯ ಎರಡು ಹೆಸರುಗಳಾಗಿ ಉಳಿಯುತ್ತವೆ.

ಇನ್ನೊಂದು ಕೃತಿ ವೇಯ್ಟ್‌ಗಾಗಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ 78 ಎಲೆಗಳು. ಆಕೆ 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷಗಳನ್ನು ಜಮೈಕಾದಲ್ಲಿ ಕಳೆದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಚಿತ್ರಕಲೆ ಕಲಿತವಳು. 1901ರಲ್ಲಿ ಸಂಘಕ್ಕೆ ಸೇರಿದವಳು. ವೇಯ್ಟ್ ಪಂಡಿತ, ಈಜಿಪ್ಟಿನ ಕಥೆಯನ್ನು ನಂಬದಷ್ಟು ವಿವೇಕಿ. ತುರುಪುಗಳಲ್ಲಿ ಕೆಲವಕ್ಕೆ ಅವನು ವಿವರವಾದ ಸೂಚನೆ ಕೊಟ್ಟ. ಉಳಿದ 56 ಎಲೆಗಳನ್ನು ಬಹುಮಟ್ಟಿಗೆ ಆಕೆಗೇ ಬಿಟ್ಟಿದ್ದನೆಂದು ಇತಿಹಾಸಕಾರರ ಅಭಿಪ್ರಾಯ. ಹಳೆಯ ಕಟ್ಟುಗಳಲ್ಲಿ ಸಾಮಾನ್ಯವಾಗಿ ಈ ಎಲೆಗಳ ಮೇಲೆ ನಮ್ಮ ಇಸ್ಪೀಟೆಲೆಯಂತೆ ಮೂರು ಕತ್ತಿ, ಐದು ಬಟ್ಟಲು ಎಂದು ಎಣಿಕೆಯ ಗುರುತುಗಳಷ್ಟೆ ಇರುತ್ತಿದ್ದವು. ಸ್ಮಿತ್ ಪ್ರತಿಯೊಂದರಲ್ಲಿಯೂ ಒಂದು ದೃಶ್ಯ ಬರೆದಳು. ಐದು ಬಟ್ಟಲಿನ ಎಲೆಯಲ್ಲಿ ಕರಿಯ ನಿಲುವಂಗಿಯವನೊಬ್ಬ ಉರುಳಿದ ಮೂರು ಬಟ್ಟಲುಗಳನ್ನು ನೋಡುತ್ತ ನಿಂತಿದ್ದಾನೆ. ಹಿಂದೆ ಎರಡು ಬಟ್ಟಲು ನೆಟ್ಟಗಿವೆ, ಅವನ್ನು ಅವನು ನೋಡುತ್ತಿಲ್ಲ. ಐದು ನಾಣ್ಯದ ಎಲೆಯಲ್ಲಿ ಬೆಳಗುತ್ತಿರುವ ಚರ್ಚಿನ ಕಿಟಕಿಯ ಕೆಳಗೆ ಹಿಮದಲ್ಲಿ ಇಬ್ಬರು ಬಡವರು ನಡೆದುಹೋಗುತ್ತಿದ್ದಾರೆ. ಇವಕ್ಕೆ ಟಿಪ್ಪಣಿ ಬೇಕಿಲ್ಲ. ದುಃಖವೂ ದಾರಿದ್ರ್ಯವೂ ಇಲ್ಲಿ ಹೆಸರುಗಳಾಗಿ ಉಳಿಯದೆ ಭಂಗಿಗಳಾಗಿವೆ.

ಈ ಕೆಲಸಕ್ಕೂ ಪೂರ್ವಪರಂಪರೆಯುಂಟು. 1490ರ ಸುಮಾರಿನ 'ಸೋಲಾ ಬುಸ್ಕಾ' ಎಂಬ ಇಟಲಿಯ ಕಟ್ಟಿನಲ್ಲಿ ಚಿಕ್ಕ ಎಲೆಗಳಿಗೂ ಚಿತ್ರಗಳಿವೆ. ಅದರ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದಿದ್ದವು. ಮೂರು ಕತ್ತಿಗಳು ಇರಿದ ಹೃದಯ ಎರಡು ಕಟ್ಟುಗಳಲ್ಲಿಯೂ ಇದೆ. ಸ್ಮಿತ್ ಅದನ್ನು ಹಿಂದೆ ಮಳೆ ಸುರಿಯುವ ಬೂದುಬಣ್ಣದ ಆಕಾಶವಿಟ್ಟು ಬರೆದಳು. ಎರವಲು ಪಡೆದ ಚಿತ್ರ ಆ ಮಳೆಯಿಂದ ಅವಳದಾಯಿತು. ಕಾವ್ಯದಲ್ಲಿ ಪರಂಪರೆ ಮುಂದುವರಿಯುವುದೂ ಹೀಗೆಯೇ.

78 ಚಿತ್ರಗಳನ್ನು ಆಕೆ ಕೆಲವೇ ತಿಂಗಳಲ್ಲಿ ಮುಗಿಸಿದಳು. ಕೆಲಸ ದೊಡ್ಡದು, ಸಿಕ್ಕ ಹಣ ಬಹಳ ಕಡಮೆ ಎಂದು ಸ್ನೇಹಿತನೊಬ್ಬನಿಗೆ ಬರೆದಳು. 1951ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಬ್ಯೂಡ್ ಎಂಬ ಊರಿನಲ್ಲಿ ಸಾಲದಲ್ಲಿಯೇ ತೀರಿಕೊಂಡಳು. ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದ ಆ ಕಟ್ಟಿಗೆ ಬಹುಕಾಲ ಪ್ರಕಾಶಕನ ಹೆಸರೂ ಪಂಡಿತನ ಹೆಸರೂ ಸೇರಿ 'ರೈಡರ್-ವೇಯ್ಟ್' ಎಂದೇ ಹೆಸರಿತ್ತು. ಬರೆದವಳ ಹೆಸರನ್ನು ಸೇರಿಸಿ ಹೇಳುವ ರೂಢಿ ಬಂದದ್ದು ಈಚೆಗೆ. ಅರ್ಥ ಹೇಳಿದವನು ದೊಡ್ಡವನು, ಚಿತ್ರ ಬರೆದವಳು ಕೈಕೆಲಸದವಳು ಎಂಬ ಎಣಿಕೆ ಇದರ ಹಿಂದಿದೆ. ಈ ಎಣಿಕೆಗೂ ಪ್ರತೀಕಕ್ಕಿಂತ ಕೋಷ್ಟಕ ಮೇಲೆಂಬ ಎಣಿಕೆಗೂ ವ್ಯತ್ಯಾಸವಿಲ್ಲ.

ಕ್ರೌಲಿಗೂ ಮುಂದೆ ಒಬ್ಬ ಚಿತ್ರಕಾರ್ತಿ ಬೇಕಾದಳು. ಲೇಡಿ ಫ್ರೀಡಾ ಹ್ಯಾರಿಸ್ 1938ರಿಂದ ಐದು ವರ್ಷ ದುಡಿದು, ಕೆಲವು ಎಲೆಗಳನ್ನು ಮತ್ತೆ ಮತ್ತೆ ಬರೆದು, ಪ್ರಕ್ಷೇಪ ಜ್ಯಾಮಿತಿಯ ವಕ್ರರೇಖೆಗಳನ್ನು ಬಣ್ಣಗಳಲ್ಲಿ ತಂದಳು. 1944ರಲ್ಲಿ 'ದಿ ಬುಕ್ ಆಫ್ ಥೋತ್' ಕೇವಲ 200 ಪ್ರತಿಗಳಲ್ಲಿ ಪ್ರಕಟವಾಯಿತು. ಎಲೆಗಳ ಕಟ್ಟು ಅಚ್ಚಾದದ್ದು 1969ರಲ್ಲಿ. ಅಷ್ಟರಲ್ಲಿ ಇಬ್ಬರೂ ಇರಲಿಲ್ಲ. ಹ್ಯಾರಿಸ್ 1962ರಲ್ಲಿ ತೀರಿಕೊಂಡದ್ದು ನಮ್ಮ ಶ್ರೀನಗರದಲ್ಲಿ. ಆಕೆಯ ಚಿತ್ರಗಳನ್ನು ನೋಡುವಾಗ ರೇಖೆಗಳು ಒಂದರೊಳಗೊಂದು ಹೊಕ್ಕು ಹೊರಡುವ ವೇಗವೇ ಮನಸ್ಸನ್ನು ಕದಲಿಸುತ್ತದೆ. ಕ್ರೌಲಿಯ ವ್ಯಾಖ್ಯಾನ ಓದತೊಡಗಿದೊಡನೆ ಆ ಕದಲಿಕೆ ನಿಲ್ಲುತ್ತದೆ. ಅವನು ಬುದ್ಧಿಶಾಲಿ, ಬಹುಶ್ರುತ. ಆದರೆ ಚಿತ್ರ ಮಾತಾಡುವ ಮೊದಲೇ ತಾನು ಮಾತಾಡಿ ಮುಗಿಸುತ್ತಾನೆ.

ಎಲಿಯಟ್‌ನ ದಾರಿ ಬೇರೆ. ಅವನು ಸಾಧಕನಲ್ಲ. ಕಟ್ಟಿನ ಸರಿಯಾದ ವಿವರ ತನಗೆ ತಿಳಿಯದೆಂದೂ, ತನ್ನ ಅನುಕೂಲಕ್ಕೆ ತಕ್ಕಂತೆ ಬದಲಾಯಿಸಿಕೊಂಡೆನೆಂದೂ 1922ರ ಕಾವ್ಯದ ಟಿಪ್ಪಣಿಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ನೀರಿನಲ್ಲಿ ಮುಳುಗಿದ ನಾವಿಕನ ಎಲೆ ಯಾವ ಕಟ್ಟಿನಲ್ಲಿಯೂ ಇಲ್ಲ. ಮೂರು ಕೋಲುಗಳ ಮನುಷ್ಯ ಇದ್ದಾನೆ; ಅವನನ್ನು ಸ್ಮಿತ್‌ಳ ಎಲೆಯಲ್ಲಿ ನೋಡಬಹುದು. ಸೊಸೊಸ್ಟ್ರಿಸ್ಸಳಿಗೆ ನೆಗಡಿಯಾಗಿದೆ ಎಂಬ ಹಾಸ್ಯದಲ್ಲಿ ಹಾಳಾದ ವಿದ್ಯೆಯ ಚಿತ್ರ ಪೂರ್ತಿಯಾಗಿ ಬಂದಿದೆ. ಆದರೆ ಆ ಹಾಸ್ಯದ ನಡುವೆಯೇ ಅವಳು ತೂಗುಬಿದ್ದವನ ಎಲೆ ತನಗೆ ಕಾಣುತ್ತಿಲ್ಲವೆನ್ನುತ್ತಾಳೆ. ಅಲ್ಲಿ ಹಾಸ್ಯ ನಿಲ್ಲುತ್ತದೆ. ಬಲಿಯಾಗಿ ಭೂಮಿಗೆ ಮಳೆ ತರಬೇಕಾದವನು ಈ ಕಟ್ಟಿನಲ್ಲಿಲ್ಲ. ಆದುದರಿಂದಲೇ ಇದು ಬರಡುನೆಲ. ಹದಿನೈದನೆಯ ಶತಮಾನದ ದ್ರೋಹಿ, ವೇಯ್ಟ್‌ನ ಸಂತ, ಎಲಿಯಟ್‌ನಲ್ಲಿ ಒಂದು ಖಾಲಿ ಜಾಗವಾಗಿದ್ದಾನೆ. ಮೂರರಲ್ಲಿ ಅತ್ಯಂತ ಬಲವಾದುದು ಆ ಖಾಲಿ ಜಾಗವೇ.

ಇಂಥ ಕಡೆಯಲ್ಲಿ ನಮ್ಮ ಪಾಠಗಳು ಏನು ಮಾಡುತ್ತವೆ? 'ತೂಗುಬಿದ್ದವ ಎಂದರೆ ಕ್ರಿಸ್ತ' ಎಂದು ಬರೆಸಿ ಮುಂದಕ್ಕೆ ಹೋಗುತ್ತವೆ. ಎಲಿಯಟ್‌ನಿಂದ ಬಹಳ ಕಲಿತ ನಮ್ಮ ನವ್ಯಕಾವ್ಯದ ಓದಿಗೂ ಇದೇ ಚಾಳಿ ಅಂಟಿದೆ. ಬಾವಿ ಬಂದರೆ ಸುಪ್ತಪ್ರಜ್ಞೆ, ಹಾವು ಬಂದರೆ ಕಾಮ, ಆಲದ ಮರ ಬಂದರೆ ಸಂಪ್ರದಾಯ. ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಕವಿತೆ ಕೈಬಿಡುತ್ತದೆ. ಮ್ಯಾದರ್ಸ್ ರಹಸ್ಯವಾಗಿ ಮಾಡುತ್ತಿದ್ದುದನ್ನು ನಾವು ಬಹಿರಂಗವಾಗಿ ಮಾಡುತ್ತಿದ್ದೇವೆ, ಅಷ್ಟೇ ವ್ಯತ್ಯಾಸ. ಅವನಿಗಾದರೂ ಶಿಷ್ಯನಿಗೆ ಮೊದಲು ಚಿತ್ರವನ್ನು ಕಣ್ತುಂಬ ನೋಡಿಸುವ ನಿಯಮವಿತ್ತು. ನಮ್ಮ ವಿದ್ಯಾರ್ಥಿ ಬಾವಿಯ ಆಳಕ್ಕೆ ಇಣುಕುವ ಮೊದಲೇ ಅದರ ಅರ್ಥವನ್ನು ಬರೆದುಕೊಂಡಿರುತ್ತಾನೆ.

ಕೋಷ್ಟಕ ಬೇಡವೆಂದರೆ ಯಾರು ಏನು ಬೇಕಾದರೂ ಹೇಳಬಹುದೇ ಎಂಬ ಆಕ್ಷೇಪಣೆ ಬರಬಹುದು. ಹಾಗೇನಿಲ್ಲ. ಚಿತ್ರವೇ ಗೆರೆ ಎಳೆಯುತ್ತದೆ. ತೂಗುಬಿದ್ದವನು ದ್ರೋಹಿಯಾಗಬಹುದು, ಸಂತನಾಗಬಹುದು. ಮೂರರಲ್ಲಿಯೂ ಅವನು ತಲೆಕೆಳಗಾಗಿಯೇ ಇದ್ದಾನೆ, ಜಗತ್ತಿನೊಡನೆ ಅವನ ಸಂಬಂಧ ತಿರುಗುಮುರುಗಾಗಿಯೇ ಇದೆ. ಆ ಭಂಗಿಯನ್ನು ಬಿಟ್ಟುಕೊಟ್ಟ ವ್ಯಾಖ್ಯಾನ ನಿಲ್ಲದು. ನೆಟ್ಟಗೆ ತಿರುಗಿಸಿ ವಿವೇಕವೆಂದು ಓದಿದ ಜೆಬ್ಲೆನ್‌ನನ್ನು ಹೆಚ್ಚಿನವರು ಹಿಂಬಾಲಿಸದೆ ಹೋದದ್ದು ಇದಕ್ಕೇ. ಅನೇಕಾರ್ಥ ಬೇರೆ, ಅನರ್ಥ ಬೇರೆ.

ಕೊನೆಗೆ ಉನ್ನತ ಪ್ರಜ್ಞೆಯ ಮಾತು. ಇನ್ನೊಬ್ಬನ ಒಳಗಿನ ಎತ್ತರವನ್ನು ಅಳೆಯುವ ಕೋಲು ವಿಮರ್ಶಕನ ಹತ್ತಿರವಿಲ್ಲ. ಅಲ್ಲಿಂದ ಅವನು ಏನು ತಂದನೆಂಬುದನ್ನು ನೋಡಬಹುದು. ಸಂಘಕ್ಕೆ ಜರ್ಮನಿಯಿಂದ ಅಧಿಕಾರ ಕೊಟ್ಟವೆನ್ನಲಾದ ಪತ್ರಗಳು ಕೃತಕವೆಂದು 1900ರಲ್ಲಿ ಮ್ಯಾದರ್ಸ್ ತಾನೇ ಆರೋಪಿಸಿದ. ಅದೇ ವರ್ಷ ಏಪ್ರಿಲಿನಲ್ಲಿ ಅವನ ಪರವಾಗಿ ಕ್ರೌಲಿ ಲಂಡನ್ನಿನ ಬ್ಲೈತ್ ರಸ್ತೆಯಲ್ಲಿದ್ದ ಸಂಘದ ಕೊಠಡಿಗಳನ್ನು ವಶಪಡಿಸಿಕೊಳ್ಳಲು ಹೋದ. ಎದುರು ಪಕ್ಷದಲ್ಲಿ ಯೇಟ್ಸ್ ಇದ್ದ. ಬೀಗ ಬದಲಾಯಿತು, ಪೊಲೀಸರು ಬಂದರು. ಜೀವವೃಕ್ಷದ ಮೇಲಿನ ಕೊಂಬೆಗಳನ್ನು ಹತ್ತಿದವರು ಬೀಗದ ಕೈಗಾಗಿ ಜಗಳವಾಡಿದರು. ಇದನ್ನು ಕಂಡು ನಗುವುದು ಸುಲಭ. ಆದರೆ ಅದೇ ಸಂಘದಿಂದ ಯೇಟ್ಸ್‌ನ ಮರುಭೂಮಿಯೂ ಸ್ಮಿತ್‌ಳ ಮಳೆಯೂ ಬಂದಿವೆ. ಇವು ಸುಳ್ಳು ವಂಶಾವಳಿಯಿಂದ ಕೆಟ್ಟಿಲ್ಲ. ನಿಜವಾದ ವಂಶಾವಳಿ ಇದ್ದಿದ್ದರೂ ಇವುಗಳ ಬೆಲೆ ಹೆಚ್ಚುತ್ತಿರಲಿಲ್ಲ. ಇಷ್ಟು ತಿಳಿದವನು ಟ್ಯಾರೋ ಎಲೆಯನ್ನು ಕೈಗೆತ್ತಿಕೊಂಡರೂ ಸರಿ, ಕವಿತೆಯನ್ನು ಎತ್ತಿಕೊಂಡರೂ ಸರಿ, ಅದರ ಜೊತೆಗೆ ಕೊಟ್ಟ ಕೈಪಿಡಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮೊದಲು ಚಿತ್ರವನ್ನು ನೋಡುತ್ತಾನೆ.